ದೋಣಿ ಸಾಗಿಸುವ ಟ್ರೇಲರಿನ ಹೊಂದಾಣಿಕೆ: ಪ್ರವಾಹಕ್ಕೆ ಮುನ್ನ ಮುಗಿಸಬೇಕಾದ ಕೆಲಸ

(ಮುಂಗಾರು ಪೂರ್ವಸಿದ್ಧತೆಯ ಅಂಗವಾಗಿ ನದಿತೀರದ ಗ್ರಾಮ ಪಂಚಾಯಿತಿಗಳ ಅಧಿಕಾರಿಗಳು, ಸದಸ್ಯರು ಹಾಗೂ ಸ್ವಯಂಸೇವಕರಿಗೆ ಮೈಸೂರಿನಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನಮ್ಮ ಜಿಲ್ಲೆಯ ನದಿಗಳಲ್ಲಿ ತಲೆತಲಾಂತರದಿಂದ ನಡೆದುಬಂದ ನೌಕೆ ಹರಿಗೋಲು. ಬಿದಿರಿನ ಹೆಣಿಗೆ, ಅದರ ಮೇಲೊಂದು ಹೊದಿಕೆ; ಅಷ್ಟೆ. ಕೆಲಸ ಮುಗಿದೊಡನೆ ಅಂಬಿಗನು ಅದನ್ನು ತಲೆಯ ಮೇಲೆ ಕವುಚಿಕೊಂಡು ಮನೆಗೆ ನಡೆಯುತ್ತಾನೆ. ಹರಿಗೋಲಿಗೆ ಗಾಡಿ ಬೇಡ, ಇಳಿಜಾರಿನ ಕಟ್ಟೆ ಬೇಡ. ಆದರೆ ಉಕ್ಕಿ ಹರಿಯುವ ಹೊಳೆಯಲ್ಲಿ ವೃದ್ಧರನ್ನೂ ಮಕ್ಕಳನ್ನೂ ರೋಗಿಗಳನ್ನೂ ಕರೆತರಲು ಇಂದು ಎಂಜಿನ್ ಅಳವಡಿಸಿದ ಫೈಬರ್, ಅಲ್ಯೂಮಿನಿಯಂ ಅಥವಾ ಗಾಳಿ ತುಂಬಿದ ರಬ್ಬರ್ ದೋಣಿಗಳನ್ನು ಬಳಸುತ್ತೇವೆ. ಇವುಗಳಲ್ಲಿ ಭಾರವಾದವು ಟ್ರೇಲರಿನ ಮೇಲೆಯೇ ಊರಿಗೆ ಬರಬೇಕು, ಟ್ರೇಲರಿನಿಂದಲೇ ನೀರಿಗೆ ಇಳಿಯಬೇಕು, ಮತ್ತೆ ಟ್ರೇಲರಿಗೇ ಏರಬೇಕು. ಆ ಟ್ರೇಲರಿನ ಹೊಂದಾಣಿಕೆಯೇ ನನ್ನ ಇಂದಿನ ವಿಷಯ.

ಇದು ಸಣ್ಣ ವಿಷಯವೆಂದು ತೋರಬಹುದು. 2018 ಮತ್ತು 2019ರ ಆಗಸ್ಟ್ ತಿಂಗಳುಗಳನ್ನು ನೆನೆಯೋಣ. ವಯನಾಡಿನಲ್ಲಿ ಸುರಿದ ಮಳೆಗೆ ಕಬಿನಿ ಜಲಾಶಯದಿಂದ ಭಾರಿ ಪ್ರಮಾಣದ ನೀರನ್ನು ಹೊರಬಿಡಬೇಕಾಯಿತು. ನಂಜನಗೂಡಿನ ಸ್ನಾನಘಟ್ಟವೂ ಹದಿನಾರು ಕಾಲು ಮಂಟಪವೂ ಜಲಾವೃತವಾದವು. ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಮಲ್ಲನಮೂಲೆಯ ಬಳಿ ಹೆದ್ದಾರಿಯ ಮೇಲೆಯೇ ಹೊಳೆ ಹರಿದು ಮೈಸೂರು–ಊಟಿ ಸಂಚಾರ ನಿಂತಿತು. ಅಂಥ ಹೊತ್ತಿನಲ್ಲಿ ದೋಣಿ ಊರಿನ ಅಂಚಿಗೆ ಬಂದು ನಿಂತರೆ ಸಾಲದು, ಅದು ನೀರಿಗೆ ಇಳಿಯಬೇಕು. ಇಳಿಸುವುದಕ್ಕೆ ಅರ್ಧ ಗಂಟೆ ಹಿಡಿದರೆ, ಛಾವಣಿಯ ಮೇಲೆ ಕಾದಿರುವವರ ಪಾಲಿಗೆ ದೋಣಿ ಅರ್ಧ ಗಂಟೆ ತಡವಾಗಿ ಬಂದಂತೆಯೇ.

ಅದೇ 2018ರಲ್ಲಿ ಕೇರಳದ ಕರಾವಳಿಯ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳ ಮೇಲೇರಿಸಿಕೊಂಡು ಚೆಂಗನ್ನೂರಿನಂಥ ಒಳನಾಡಿನ ಊರುಗಳಿಗೆ ಬಂದು ಸಾವಿರಾರು ಜನರನ್ನು ಪಾರುಮಾಡಿದ್ದನ್ನು ದೇಶವೇ ಕಂಡಿದೆ. ಲಾರಿಯಿಂದ ದೋಣಿ ಇಳಿಸಲು ಹತ್ತಾರು ಹೆಗಲುಗಳು ಬೇಕು. ಕಡಲತೀರದ ಊರುಗಳಲ್ಲಿ ಆ ಹೆಗಲುಗಳಿವೆ, ದೋಣಿಯನ್ನು ದಿನವೂ ದಡಕ್ಕೆಳೆದು ಪಳಗಿದ ಕೈಗಳಿವೆ. ನಮ್ಮ ಒಳನಾಡಿನ ಹಳ್ಳಿಗಳಲ್ಲಿ ಆ ರೂಢಿ ಇಲ್ಲ. ಆದ್ದರಿಂದ ನಾಲ್ವರು ಮಾಡಬಹುದಾದಷ್ಟು ಸುಲಭವಾಗಿ ಕೆಲಸವನ್ನು ಮೊದಲೇ ಸಜ್ಜುಗೊಳಿಸಿಡುವುದು ನಮಗಿರುವ ದಾರಿ.

ಮೂಲ ತತ್ತ್ವ ಒಂದೇ. ದೋಣಿಯನ್ನು ಎತ್ತುವವರು ನಾವಲ್ಲ, ನೀರು. ಟ್ರೇಲರು ದೋಣಿಯನ್ನು ತಕ್ಕಷ್ಟು ಆಳಕ್ಕೆ ಒಯ್ದರೆ ನೀರೇ ಅದನ್ನು ಎತ್ತಿಕೊಳ್ಳುತ್ತದೆ. ಹಿಂದಿರುಗುವಾಗ ನೀರೇ ಅದನ್ನು ಟ್ರೇಲರಿನ ಮೇಲೆ ಕೂರಿಸುತ್ತದೆ. ನಾಲ್ಕಾರು ಜನ ನೂಕಬೇಕಾಗಿ ಬಂದರೆ ಎಲ್ಲೋ ಹೊಂದಾಣಿಕೆ ತಪ್ಪಿದೆ ಎಂದು ತಿಳಿಯಬೇಕು. ಈ ಹೊಂದಾಣಿಕೆಯನ್ನು ಮೂರು ಹಂತಗಳಲ್ಲಿ ಮಾಡಬೇಕು: ಮೊದಲು ದೋಣಿಯ ತಳ, ಬಳಿಕ ತೂಕ, ಕೊನೆಗೆ ನೀರು. ಈ ಕ್ರಮವನ್ನು ಬದಲಿಸಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

ಮೊದಲನೆಯ ಹಂತ: ದೋಣಿಯ ತಳ

ಟ್ರೇಲರನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡುಗಳನ್ನು ಕೊಡಿ. ನಂಜನಗೂಡಿನ ಪಂಚ ಮಹಾರಥೋತ್ಸವವನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅಷ್ಟು ದೊಡ್ಡ ತೇರನ್ನು ಹಿಡಿದು ನಿಲ್ಲಿಸುವುದು ಚಕ್ರದಡಿಯ ಮರವೇ.

ದೋಣಿಯ ತಳದ ನಡುಗೆರೆಯ ಕೆಳಗೆ ರಬ್ಬರ್ ರೋಲರುಗಳಿರುತ್ತವೆ. ಇಕ್ಕೆಲಗಳಲ್ಲಿ ಮೆತ್ತೆ ಹೊದಿಸಿದ ಉದ್ದನೆಯ ಹಲಗೆಗಳಿರುತ್ತವೆ. ಭಾರವನ್ನು ಹೊರುವುದು ನಡುವಿನ ರೋಲರುಗಳು, ದೋಣಿ ಪಕ್ಕಕ್ಕೆ ವಾಲದಂತೆ ತಡೆಯುವುದು ಹಲಗೆಗಳು ಎಂಬ ವಿನ್ಯಾಸದ ಟ್ರೇಲರುಗಳಿವೆ. ಹಲಗೆಗಳೇ ಭಾರ ಹೊರುವ ವಿನ್ಯಾಸವೂ ಇದೆ. ನಿಮ್ಮದು ಯಾವುದೆಂದು ಮೊದಲು ಗುರುತಿಸಿಕೊಳ್ಳಿ. ರೋಲರುಗಳ ಟ್ರೇಲರಾದರೆ ಮೊದಲ ರೋಲರಿನಿಂದ ಕೊನೆಯದರವರೆಗೆ ಒಂದು ದಾರ ಬಿಗಿದು ನೋಡಿ. ನಡುವಿನದೊಂದು ತಗ್ಗಿದ್ದರೆ ಅದು ದೋಣಿಯನ್ನು ಮುಟ್ಟುವುದಿಲ್ಲ. ಒಂದು ಎತ್ತರಕ್ಕಿದ್ದರೆ ಇಡೀ ಭಾರ ಅದರ ಮೇಲೆಯೇ ಬಿದ್ದು, ರಸ್ತೆಯ ಕುಲುಕಾಟಕ್ಕೆ ತಳ ಬಿರುಕು ಬಿಡುತ್ತದೆ. ಸಾಮಾನ್ಯವಾಗಿ ದೋಣಿಯ ತಳ ಮೂತಿಯ ಕಡೆಗೆ ಮೇಲಕ್ಕೆ ಬಾಗಿರುವುದರಿಂದ ಮುಂಭಾಗದ ರೋಲರನ್ನು ಆ ಬಾಗಿಗೆ ತಕ್ಕಂತೆ ಏರಿಸಬೇಕು. ಪ್ರತಿಯೊಂದು ರೋಲರನ್ನೂ ಕೈಯಿಂದ ತಿರುಗಿಸಿ ನೋಡಿ. ತುಕ್ಕು ಹಿಡಿದು ತಿರುಗದ ರೋಲರು ದೋಣಿಯನ್ನು ಜಾರಿಸುವುದಿಲ್ಲ, ಹಿಡಿದು ನಿಲ್ಲಿಸುತ್ತದೆ.

ಬಳಿಕ ದೋಣಿಯ ಹಿಂಬದಿಯನ್ನು ನೋಡಿ. ಎಂಜಿನ್ ತೂಗುವುದು ಅಲ್ಲಿಯೇ. ದೋಣಿಯ ಹಿಂಗೋಡೆ ಹಲಗೆಗಳ ತುದಿಯ ಮೇಲೆಯೇ, ಅಥವಾ ಅದಕ್ಕಿಂತ ತುಸು ಒಳಗೆ ಕೂರಬೇಕು. ಹಲಗೆ ಮುಗಿದ ಮೇಲೂ ದೋಣಿ ಹಿಂದಕ್ಕೆ ಚಾಚಿಕೊಂಡಿದ್ದರೆ, ಎಂಜಿನ್ನಿನ ಭಾರಕ್ಕೆ ತಳ ದಿನೇ ದಿನೇ ಬಾಗುತ್ತದೆ. ಹಾಗೆ ಬಾಗಿದ ದೋಣಿ ನೀರಿನಲ್ಲಿಯೂ ನೇರವಾಗಿ ಸಾಗದು.

ಮುಂಭಾಗದಲ್ಲಿ ವಿಂಚ್ ಇರುವ ಕಂಬವಿದೆ. ಅದನ್ನು ಹಿಡಿದಿರುವ ಯು-ಬೋಲ್ಟುಗಳನ್ನು ಸಡಿಲಿಸಿ ಕಂಬವನ್ನು ಮುಂದಕ್ಕೂ ಹಿಂದಕ್ಕೂ ಸರಿಸಬಹುದು. ಹಿಂಗೋಡೆ ಸರಿಯಾದ ಜಾಗಕ್ಕೆ ಬಂದಾಗ ದೋಣಿಯ ಮೂತಿ ಕಂಬದ ರಬ್ಬರ್ ತಡೆಗೆ ತಾಗಿ ನಿಲ್ಲುವಂತೆ ಕಂಬವನ್ನು ಬಿಗಿಯಿರಿ. ವಿಂಚಿನ ಕೊಕ್ಕೆ ಸಿಕ್ಕಿಸುವ ಮೂತಿಯ ಬಳೆ ಆ ರಬ್ಬರ್ ತಡೆಗಿಂತ ತುಸು ಕೆಳಗಿರಲಿ. ಆಗ ರಸ್ತೆಯಲ್ಲಿ ಮೂತಿ ಮೇಲಕ್ಕೆ ನೆಗೆಯುವುದಿಲ್ಲ. ಈಗ ಕಂಬದ ಎರಡೂ ಬದಿಗೆ ಬಣ್ಣದ ಗೆರೆ ಎಳೆಯಿರಿ. ಮುಂದೆ ಯಾರಾದರೂ ಬೋಲ್ಟು ಬಿಚ್ಚಿದರೂ ಸರಿಯಾದ ಜಾಗ ಕಣ್ಣಿಗೆ ಕಾಣಿಸಬೇಕು.

ಗಾಳಿ ತುಂಬುವ ದೋಣಿಗೆ ನಿಯಮ ತುಸು ಬೇರೆ. ಅದಕ್ಕೆ ಕಿರಿದಾದ ರೋಲರುಗಳಿಗಿಂತ ಅಗಲವಾದ, ಮೆತ್ತನೆಯ ಹಲಗೆಗಳು ಲೇಸು. ಅದನ್ನು ಪೂರ್ತಿ ಗಾಳಿ ತುಂಬಿದ ಸ್ಥಿತಿಯಲ್ಲಿಯೇ ಹೊಂದಿಸಬೇಕು. ಬಿಸಿಲಿನಲ್ಲಿ ನಿಲ್ಲಿಸಿದರೆ ಗಾಳಿ ಹಿಗ್ಗಿ ಒತ್ತಡ ಏರುತ್ತದೆ, ನೀರಿಗಿಳಿದಾಗ ತಣಿದು ಇಳಿಯುತ್ತದೆ. ಇದನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ, ಗಾಳಿ ಪಂಪನ್ನು ದೋಣಿಯೊಡನೆಯೇ ಇಡಿ.

ಎರಡನೆಯ ಹಂತ: ತೂಕ

ಎಂಜಿನ್, ಇಂಧನ, ಹಗ್ಗ, ಜೀವರಕ್ಷಕ ಜಾಕೆಟ್ಟುಗಳು ಎಲ್ಲವನ್ನೂ ದೋಣಿಯಲ್ಲಿಟ್ಟು ಟ್ರೇಲರಿನ ಮುಂತುದಿಯ ಭಾರವನ್ನು ಅಳೆಯಬೇಕು. ಟ್ರೇಲರು ಮತ್ತು ದೋಣಿಯ ಒಟ್ಟು ತೂಕದಲ್ಲಿ ನೂರಕ್ಕೆ 5ರಿಂದ 10ರಷ್ಟು ಭಾರ ಮುಂತುದಿಯ ಮೇಲೆ ಬೀಳಬೇಕು. ಒಟ್ಟು 500 ಕಿಲೋ ಇದ್ದರೆ ಮುಂತುದಿಯಲ್ಲಿ 25ರಿಂದ 50 ಕಿಲೋ. ಅಳೆಯುವುದಕ್ಕೆ ದೊಡ್ಡ ಉಪಕರಣ ಬೇಡ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ತೂಗುವಂಥ ತಕ್ಕಡಿಯ ಮೇಲೆ, ಎಳೆಯುವ ವಾಹನದ ಕೊಂಡಿಯಷ್ಟೇ ಎತ್ತರಕ್ಕೆ ಮರದ ದಿಮ್ಮಿಯನ್ನಿಟ್ಟು ಮುಂತುದಿಯನ್ನು ಅದರ ಮೇಲಿರಿಸಿ, ಬಂದ ತೂಕದಿಂದ ದಿಮ್ಮಿಯ ತೂಕವನ್ನು ಕಳೆದರೆ ಆಯಿತು.

ಮುಂತುದಿ ಹಗುರವಾದರೆ ಟ್ರೇಲರು ಓಡುವಾಗ ಬಾಲದಂತೆ ಅತ್ತಿತ್ತ ಬೀಸುತ್ತದೆ. ಮಳೆಯ ರಸ್ತೆಯಲ್ಲಿ ಇದು ಪ್ರಾಣಾಪಾಯ. ಅತಿ ಭಾರವಾದರೆ ಎಳೆಯುವ ವಾಹನದ ಹಿಂಭಾಗ ಕುಸಿದು ಮುಂಚಕ್ರಗಳ ಹಿಡಿತ ತಗ್ಗುತ್ತದೆ. ಭಾರ ಕಡಿಮೆಯಿದ್ದರೆ ಚಕ್ರಗಳ ಅಚ್ಚನ್ನು ಹಿಂದಕ್ಕೆ ಸರಿಸಬೇಕು, ಹೆಚ್ಚಿದ್ದರೆ ಮುಂದಕ್ಕೆ. ದೋಣಿಯನ್ನೇ ಸರಿಸಿ ತೂಕ ಹೊಂದಿಸಲು ಹೋದರೆ ಮೊದಲ ಹಂತದಲ್ಲಿ ಮಾಡಿದ್ದು ಕೆಡುತ್ತದೆ. ಅಚ್ಚು ಸರಿಸಿದ ಮೇಲೆ ಮುಂತುದಿಯ ಮಧ್ಯದಿಂದ ಅಚ್ಚಿನ ಎಡತುದಿಗೂ ಬಲತುದಿಗೂ ಟೇಪು ಹಿಡಿದು ಅಳೆಯಿರಿ. ಎರಡೂ ಅಳತೆ ಒಂದೇ ಆಗಿರಬೇಕು. ಇಲ್ಲವಾದರೆ ಟ್ರೇಲರು ಓರೆಯಾಗಿ ಓಡುತ್ತದೆ, ನೀರಿನ ಕಡೆಗೆ ಹಿಂದಕ್ಕೆ ನಡೆಸುವಾಗ ಚಾಲಕನ ಮಾತು ಕೇಳುವುದಿಲ್ಲ. ಈ ಕೆಲಸವನ್ನು ಅನುಭವವುಳ್ಳ ಗ್ಯಾರೇಜಿನಲ್ಲಿಯೇ ಮಾಡಿಸಿ.

ಇಲ್ಲಿ ನಮ್ಮ ಹಳ್ಳಿಗಳಿಗೇ ಸಂಬಂಧಪಟ್ಟ ಒಂದು ಮಾತಿದೆ. ಜೀಪು, ಕಾರುಗಳ ಹಿಂದೆ ಟ್ರೇಲರು ಸಿಕ್ಕಿಸಲು ಸಾಮಾನ್ಯವಾಗಿ 50 ಮಿಲಿಮೀಟರಿನ ಉಕ್ಕಿನ ಗುಂಡು ಇರುತ್ತದೆ. ಟ್ರ್ಯಾಕ್ಟರಿನಲ್ಲಿ ಗುಂಡಿಲ್ಲ, ಅಲ್ಲಿ ತೂತಿಗೆ ಪಿನ್ನು ಹಾಕಿ ಟ್ರಾಲಿ ಕಟ್ಟುತ್ತಾರೆ. ಪ್ರವಾಹದ ರಾತ್ರಿ ಜೀಪು ಹೋಗಲಾಗದ ಕೆಸರಿನಲ್ಲಿ ಒದಗುವುದು ಊರಿನ ಟ್ರ್ಯಾಕ್ಟರೇ. ಅದರ ಚಕ್ರ ಎತ್ತರ, ನೀರಿನೊಳಕ್ಕೆ ಹೆಚ್ಚು ದೂರ ಹಿಂದೆ ಸರಿಯಬಲ್ಲದು. ಆದರೆ ಗುಂಡೂ ಪಿನ್ನೂ ಹೊಂದದೆ ಹೋದರೆ ದೋಣಿ ದಡದಲ್ಲಿಯೇ ಉಳಿಯುತ್ತದೆ. ಟ್ರ್ಯಾಕ್ಟರಿಗೆ ಜೋಡಿಸುವ ಮಧ್ಯಂತರ ಕೊಂಡಿಯೊಂದನ್ನು ಈಗಲೇ ಸಿದ್ಧಪಡಿಸಿ, ಸರಪಳಿಯಿಂದ ಟ್ರೇಲರಿಗೇ ಕಟ್ಟಿಡಿ. ಯಾವ ಟ್ರ್ಯಾಕ್ಟರು ಬರುವುದೋ ಅದಕ್ಕೇ ಒಮ್ಮೆ ಸಿಕ್ಕಿಸಿ ನೋಡಿ.

ಮೂರನೆಯ ಹಂತ: ನೀರು

ದೋಣಿ ಇಳಿಸಲು ಅನುಕೂಲವಾದ ಕಟ್ಟೆಯ ಇಳಿಜಾರು ನೂರಕ್ಕೆ 12ರಿಂದ 15ರಷ್ಟು, ಅಂದರೆ ಏಳೆಂಟು ಮೀಟರ್ ನಡೆದರೆ ಒಂದು ಮೀಟರ್ ಇಳಿಯುವಷ್ಟು. ಏಳಕ್ಕೆ ಒಂದರ ಇಳಿಜಾರಿನಲ್ಲಿ ಟ್ರೇಲರಿನ ಹಿಂತುದಿ 60 ಸೆಂಟಿಮೀಟರ್ ಆಳಕ್ಕೆ ಇಳಿಯಲು ನೀರಿನಂಚಿನಿಂದ ಸುಮಾರು 4.2 ಮೀಟರ್ ಹಿಂದೆ ಸರಿದರೆ ಸಾಕು. ಆದರೆ ಪ್ರವಾಹದಲ್ಲಿ ನಮಗೆ ದೊರೆಯುವುದು ಕಟ್ಟೆಯಲ್ಲ, ಮುಳುಗಿದ ರಸ್ತೆ. ಅದರ ಇಳಿಜಾರು ಇಪ್ಪತ್ತಕ್ಕೆ ಒಂದು ಎಂದಿಟ್ಟುಕೊಂಡರೆ, ಅಷ್ಟೇ ಆಳಕ್ಕೆ 12 ಮೀಟರ್ ಹೋಗಬೇಕು. ಅಷ್ಟು ಹೊತ್ತಿಗೆ ಎಳೆಯುವ ವಾಹನವೇ ನೀರಿನಲ್ಲಿ ನಿಂತಿರುತ್ತದೆ. ವರುಣಾ ಕೆರೆಯ ದಡದಲ್ಲಿ ಸುಲಭವಾಗಿ ಇಳಿದ ದೋಣಿ ಮುಳುಗಿದ ರಸ್ತೆಯ ಮೇಲೆ ಹಟ ಹಿಡಿಯುವುದಕ್ಕೆ ಕಾರಣವಿದೇ.

ಇದಕ್ಕೆ ಪರಿಹಾರವಿದೆ. ವಾಹನವನ್ನು ಒಣ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಮರ ಕೊಟ್ಟು, ಟ್ರೇಲರಿನ ಮುಂತುದಿಗೆ ಗಟ್ಟಿಯಾದ ಉದ್ದನೆಯ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ವಾಹನಕ್ಕೆ ಬಿಗಿದು, ಆಮೇಲೆ ಕೊಂಡಿ ಬಿಚ್ಚಿ ಟ್ರೇಲರನ್ನು ಕೈಯಿಂದ ನೀರಿಗೆ ನಡೆಸಬಹುದು. ಮುಂತುದಿಯಲ್ಲಿ ಪುಟ್ಟ ಚಕ್ರವಿದ್ದರೆ ಇದು ಸುಲಭ. ಹಗ್ಗ ಕಟ್ಟದೆ ಕೊಂಡಿ ಬಿಚ್ಚಬಾರದು.

ಎಷ್ಟು ಆಳ ಸಾಕೆಂಬುದನ್ನು ಊಹೆಗೆ ಬಿಡಬಾರದು. ಮೇ ತಿಂಗಳಿನಲ್ಲಿಯೇ ಅನುಮತಿ ಪಡೆದು ಕೆರೆಯೊಂದಕ್ಕೆ ಹೋಗಿ, ನಿಧಾನವಾಗಿ ಹಿಂದೆ ಸರಿಯುತ್ತ, ದೋಣಿಯ ಹಿಂಬದಿ ತೇಲಿ ಮೂತಿ ಮಾತ್ರ ಟ್ರೇಲರಿನ ಮೇಲೆ ಉಳಿಯುವ ಸ್ಥಿತಿಯನ್ನು ಕಂಡುಕೊಳ್ಳಿ. ಟ್ರೇಲರಿನ ಹಿಂತುದಿಯಲ್ಲಿರುವ ಮಾರ್ಗದರ್ಶಿ ಕಂಬಗಳ ಮೇಲೆ ಆ ನೀರಿನ ಮಟ್ಟಕ್ಕೆ ಹಳದಿ ಗೆರೆ ಬಳಿಯಿರಿ. ಕಂಬಗಳಿಲ್ಲದಿದ್ದರೆ ಎರಡು ಕೊಳವೆಗಳನ್ನು ನಿಲ್ಲಿಸಿಕೊಳ್ಳಿ. ಟ್ರೇಲರು ನೀರಿನಡಿ ಮರೆಯಾದಾಗ ಅದು ಎಲ್ಲಿದೆಯೆಂದು ತೋರಿಸುವುದು ಅವೇ. ಬಳಿಕ ಕಡಿಮೆ ಇಳಿಜಾರಿನ ಜಾಗವೊಂದರಲ್ಲಿ ಇದನ್ನೇ ಮತ್ತೆ ಮಾಡಿ ಬಿಳಿ ಗೆರೆ ಬಳಿಯಿರಿ. ಅಲ್ಲಿ ದೋಣಿ ಹೆಚ್ಚುಕಡಿಮೆ ಮಟ್ಟಸವಾಗಿದ್ದು ಉದ್ದಕ್ಕೂ ಒಮ್ಮೆಗೇ ತೇಲುವುದರಿಂದ ಬಿಳಿ ಗೆರೆ ಹಳದಿಗಿಂತ ಕೆಳಗೆ ಬರುತ್ತದೆ. ಕತ್ತಲಿನಲ್ಲಿ ಟಾರ್ಚು ಹಿಡಿದವನಿಗೆ ಈ ಎರಡು ಗೆರೆಗಳೇ ಅಳತೆಗೋಲು.

ಇಳಿಸುವ ಕ್ರಮ

ನೀರಿನಿಂದ ದೂರದಲ್ಲಿಯೇ ಸಿದ್ಧತೆ ಮುಗಿಸಿ. ದೋಣಿಯ ತಳದ ಬಿರಡೆ ಹಾಕಿದೆಯೇ ನೋಡಿ. ಹಿಂಬದಿಯ ಬೆಲ್ಟುಗಳನ್ನು ಬಿಚ್ಚಿ. ಎಂಜಿನ್ನನ್ನು ಮೇಲಕ್ಕೆ ಎತ್ತಿ ನಿಲ್ಲಿಸಿ. ಟ್ರೇಲರಿನ ದೀಪಗಳ ತಂತಿಯನ್ನು ವಾಹನದಿಂದ ಕಳಚಿ. ಮೂತಿಗೊಂದು, ಹಿಂಬದಿಗೊಂದು ಹಗ್ಗ ಕಟ್ಟಿ ಇಬ್ಬರ ಕೈಗೆ ಕೊಡಿ. ವಿಂಚಿನ ಕೊಕ್ಕೆಯನ್ನು ಮಾತ್ರ ಬಿಚ್ಚಬೇಡಿ. ಹಲಗೆಯ ಮೆತ್ತೆ ಒದ್ದೆಯಾಗಿದ್ದರೆ ದೋಣಿ ಇಳಿಜಾರಿನಲ್ಲಿ ತಾನೇ ಜಾರಿ ಒಣನೆಲಕ್ಕೆ ಬೀಳಬಹುದು. ಹಿಂಬದಿ ತೇಲಿದ ಮೇಲೆಯೇ ಕೊಕ್ಕೆ ತೆಗೆಯಬೇಕು. ದೋಣಿಯ ಹಿಂದೆ, ಇಳಿಜಾರಿನ ಕೆಳಗೆ ಯಾರೂ ನಿಲ್ಲಬಾರದು. ವಿಂಚಿನ ಹಿಡಿಯನ್ನು ಬಿಟ್ಟುಬಿಟ್ಟರೆ ಅದು ಗಿರನೆ ತಿರುಗಿ ಕೈಮೂಳೆ ಮುರಿಯಬಲ್ಲದು.

ಹರಿವಿರುವ ಕಡೆ ಇಳಿಸಬೇಡಿ. ಕಟ್ಟಡದ ಮರೆಯಲ್ಲಿ, ರಸ್ತೆಯ ತಿರುವಿನಲ್ಲಿ ನೀರು ನಿಂತಿರುವ ಜಾಗವನ್ನು ಆರಿಸಿ. ರಸ್ತೆಯ ಪಕ್ಕದ ಚರಂಡಿ ನೀರಿನಡಿ ಕಾಣದು. ಒಬ್ಬರು ಜಾಕೆಟ್ಟು ತೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕೋಲಿನಿಂದ ನೆಲ ಮುಟ್ಟಿ ನೋಡಿದ ಮೇಲೆಯೇ ಟ್ರೇಲರು ಹಿಂದೆ ಸರಿಯಲಿ. ಆ ಭಾಗದ ವಿದ್ಯುತ್ ಕಡಿತವಾಗಿರುವುದನ್ನು ಸೆಸ್ಕ್ ಸಿಬ್ಬಂದಿಯಿಂದ ಖಚಿತಪಡಿಸಿಕೊಳ್ಳಿ.

ಏರಿಸುವ ಕ್ರಮ

ಏರಿಸುವಾಗ ಹೆಚ್ಚಿನವರು ಟ್ರೇಲರನ್ನು ಬೇಕಾದುದಕ್ಕಿಂತ ಆಳಕ್ಕೆ ಇಳಿಸುತ್ತಾರೆ. ಆಗ ದೋಣಿ ಹಲಗೆಗಳನ್ನು ಮುಟ್ಟದೆ ಮೇಲೆಯೇ ತೇಲಿ, ಟ್ರೇಲರನ್ನು ಎಳೆದಾಗ ಓರೆಯಾಗಿ ಕೂರುತ್ತದೆ. ಮೊದಲೊಮ್ಮೆ ಟ್ರೇಲರನ್ನು ಪೂರ್ತಿ ಇಳಿಸಿ ಹಲಗೆಗಳನ್ನು ನೆನೆಸಿ, ಬಳಿಕ ಇಳಿಸುವಾಗಿನ ಗೆರೆಗಿಂತ ತುಸು ಮೇಲಕ್ಕೆ ಎಳೆದು ನಿಲ್ಲಿಸಿ. ದೋಣಿಯ ಮುಂಭಾಗ ಹಲಗೆಗಳ ನಡುವೆ ತಾನೇ ನೇರವಾಗುತ್ತದೆ, ಉಳಿದುದನ್ನು ವಿಂಚ್ ಎಳೆಯುತ್ತದೆ. ತೀರ ಕಡಿಮೆ ಆಳವೂ ಸಲ್ಲದು. 300 ಕಿಲೋ ತೂಕದ ದೋಣಿಯನ್ನು ಏಳಕ್ಕೆ ಒಂದರ ಇಳಿಜಾರಿನಲ್ಲಿ ಮೇಲೆಳೆಯಲು, ಉಜ್ಜಾಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 42 ಕಿಲೋ ಎತ್ತುವಷ್ಟು ಬಲ ಬೇಕು. ಒಣ ಮೆತ್ತೆಯ ಉಜ್ಜಾಟ ಸೇರಿದರೆ ಅದು ಇನ್ನೂ ಬಹಳ ಹೆಚ್ಚುತ್ತದೆ. ಕರೆತಂದ ಜನರೆಲ್ಲ ಇಳಿದ ಮೇಲೆಯೇ ದೋಣಿಯನ್ನು ಏರಿಸಬೇಕು. ಎಂಜಿನ್ನಿನ ಬಲದಿಂದ ಅದನ್ನು ಟ್ರೇಲರಿನ ಮೇಲೆ ನುಗ್ಗಿಸುವುದು ಬೇಡ. ಮೂತಿ ತಡೆಗೆ ತಾಗಿ, ಕೊಕ್ಕೆ ಬಿಗಿದು, ಸುರಕ್ಷಾ ಸರಪಳಿ ಹಾಕಿದ ಮೇಲೆ ಮೆಲ್ಲನೆ ಮೇಲಕ್ಕೆ ಎಳೆಯಿರಿ.

ಮತ್ತೆ ಮತ್ತೆ ಇಳಿಸಿ ಏರಿಸುವ ಪ್ರಮೇಯ ಪ್ರವಾಹದಲ್ಲಿ ಸಾಮಾನ್ಯ. ನೀರು ಏರಿದಂತೆ ಅಂಚು ಸರಿಯುತ್ತದೆ, ದೋಣಿ ಮತ್ತೊಂದು ಬಡಾವಣೆಗೆ ಹೋಗಬೇಕಾಗುತ್ತದೆ. ಏರಿಸುವುದನ್ನೂ ಇಳಿಸುವಷ್ಟೇ ಅಭ್ಯಾಸ ಮಾಡಬೇಕಾದುದು ಇದಕ್ಕಾಗಿಯೇ.

ನಿರ್ವಹಣೆ

ಟ್ರೇಲರಿನ ಮುಖ್ಯ ಶತ್ರು ಅದು ಮುಳುಗುವ ನೀರೇ. ದೂರ ಓಡಿ ಬಿಸಿಯಾದ ಚಕ್ರದ ನಡುಗುಂಬವನ್ನು ತಣ್ಣೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಬೇರಿಂಗಿಗೆ ಎಳೆದುಕೊಳ್ಳುತ್ತದೆ. ತುರ್ತಿನಲ್ಲಿ ಅದು ತಣಿಯುವವರೆಗೆ ಕಾಯಲಾಗದು. ಆದ್ದರಿಂದ ಪ್ರತಿ ಬಳಕೆಯ ನಂತರ ಬೇರಿಂಗುಗಳನ್ನು ಪರೀಕ್ಷಿಸಿ, ನೀರು ನಿಲ್ಲದ ಗ್ರೀಸ್ ತುಂಬಿಸಬೇಕು. ಕೆಸರನ್ನು ತೊಳೆಯಬೇಕು. ವಿಂಚಿನ ಬೆಲ್ಟು ಅಂಚಿನಲ್ಲಿ ಹರಿದಿದ್ದರೆ ಬದಲಿಸಬೇಕು. ವರ್ಷದಲ್ಲಿ ಹತ್ತು ತಿಂಗಳು ನಿಂತೇ ಇರುವ ಟ್ರೇಲರಿನ ಟೈರುಗಳು ಸವೆಯದಿದ್ದರೂ ಬಿರುಕು ಬಿಡುತ್ತವೆ; ಅಚ್ಚಿನ ಕೆಳಗೆ ಇಟ್ಟಿಗೆ ಕೊಟ್ಟು ಭಾರ ತಗ್ಗಿಸಿಡಿ, ಹೆಚ್ಚುವರಿ ಚಕ್ರವೊಂದನ್ನು ಇಟ್ಟುಕೊಳ್ಳಿ.

ಕೊನೆಯದಾಗಿ ಮೂರು ಮನವಿಗಳು. ಒಂದು, ದೋಣಿ ಯಾವ ಇಲಾಖೆಯದಾದರೂ ಇರಲಿ, ಅದು ಇಳಿಯುವ ಜಾಗವನ್ನು ಗುರುತಿಸುವ ಹೊಣೆ ಆ ಊರಿನದು. ಕಬಿನಿ, ಕಾವೇರಿ, ಲಕ್ಷ್ಮಣತೀರ್ಥಗಳ ದಂಡೆಯ ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ಹಿಂದಿನ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಹಿರಿಯರಿಂದ ಕೇಳಿ ತಿಳಿದು, ದೋಣಿ ಇಳಿಸಲು ಯೋಗ್ಯವಾದ ಎರಡು ಜಾಗಗಳನ್ನು ಗುರುತಿಸಿ ಕಡತದಲ್ಲಿ ದಾಖಲಿಸಲಿ. ಎರಡು, ಟ್ರ್ಯಾಕ್ಟರ್ ಕೊಡಲು ಒಪ್ಪಿದವರ ಹೆಸರನ್ನು ಜಲಾಶಯದಿಂದ ನೀರು ಬಿಡುವ ಮುನ್ಸೂಚನೆ ಬಂದ ಮೇಲೆ ಹುಡುಕುವುದು ಬೇಡ, ಈಗಲೇ ಬರೆದಿಡಿ. ಮೂರು, ಮುಂಗಾರಿಗೆ ಮುನ್ನ ಹಗಲಿನಲ್ಲೊಮ್ಮೆ, ಕತ್ತಲಾದ ಮೇಲೊಮ್ಮೆ ಪೂರ್ತಿ ಅಭ್ಯಾಸ ಮಾಡಿ, ಇಳಿಸಲು ಹಿಡಿದ ನಿಮಿಷಗಳನ್ನು ಟ್ರೇಲರಿನ ಪುಸ್ತಕದಲ್ಲಿ ಬರೆಯಿರಿ. ಎರಡನೆಯ ಬಾರಿಯ ಸಂಖ್ಯೆ ಮೊದಲನೆಯದಕ್ಕಿಂತ ಕಡಿಮೆಯಾಗಿರಲಿ.

ಇಷ್ಟಕ್ಕೂ ಬೇಕಾಗುವ ಸಲಕರಣೆ ಒಂದು ಸ್ಪ್ಯಾನರ್ ಸೆಟ್ಟು, ಒಂದು ಟೇಪು, ಒಂದು ತಕ್ಕಡಿ, ಎರಡು ಡಬ್ಬ ಬಣ್ಣ, ಸ್ವಲ್ಪ ಗ್ರೀಸ್. ಬೇಕಾಗುವ ಕಾಲ ಒಂದೆರಡು ದಿನ. ಆ ದಿನಗಳು ಈಗ ನಮ್ಮ ಕೈಯಲ್ಲಿವೆ. ಹೊಳೆ ತುಂಬಿದ ಮೇಲೆ ಇರುವುದಿಲ್ಲ.